ಚಿನ್ನ, ಸತು, ಸೈನೈಡ್: ಹಿಂಡಿದರೆ ಉದ್ದವಾಗುವ ಹರಳಿನ ಕತೆ

ಕೆ.ಜಿ.ಎಫ್.ಗೆ ಹೋದವರು ಸೈನೈಡ್ ದಿಬ್ಬಗಳನ್ನು ನೋಡದೆ ವಾಪಸ್ ಬರುವುದಿಲ್ಲ. ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ಗುಡ್ಡಗಳು ಅವು. ಸಿನಿಮಾದವರಿಗೆ ಒಳ್ಳೆ ಲೊಕೇಶನ್. ಊರಿನವರಿಗೆ ಗಾಳಿ ಬೀಸಿದಾಗಲೆಲ್ಲ ದೂಳಿನ ಕಾಟ. ಕೆಮಿಸ್ಟ್ರಿ ಓದಿದವರಿಗೆ ಮಾತ್ರ ಅಲ್ಲಿ ಇನ್ನೂ ಒಂದು ಕತೆ ಕಾಣುತ್ತದೆ.

ಗಣಿಯಿಂದ ಮೇಲೆ ಬಂದ ಕಲ್ಲನ್ನು ಮಿಲ್ಲಿನಲ್ಲಿ ನುಣ್ಣಗೆ ಪುಡಿ ಮಾಡಿ, ಅದಕ್ಕೆ ತೆಳುವಾದ ಸೈನೈಡ್ ನೀರು ಬಿಡುತ್ತಿದ್ದರು. ಗ್ಲಾಸ್ಗೋದಲ್ಲಿ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸಹೋದರರು 1887ರಲ್ಲಿ ಕಂಡುಕೊಂಡ ವಿಧಾನ ಇದು. ಚಿನ್ನ ಸುಲಭಕ್ಕೆ ಕರಗುವ ಲೋಹವಲ್ಲ. ಆದರೆ ಗಾಳಿಯ ಆಮ್ಲಜನಕದ ಜೊತೆ ಸೈನೈಡೂ ಸಿಕ್ಕರೆ ಕರಗುತ್ತದೆ. ಕರಗಿದಾಗ ಒಂದೊಂದು ಚಿನ್ನದ ಪರಮಾಣುವಿಗೂ ಎರಡು ಬದಿಯಲ್ಲಿ ಒಂದೊಂದು ಸೈನೈಡ್ ಅಂಟಿಕೊಂಡು, ನೆಟ್ಟಗಿನ ಪುಟ್ಟ ಕಡ್ಡಿಯಾಗುತ್ತದೆ. ಅಂಥ ಕಡ್ಡಿಗಳಿರುವ ನೀರಿಗೆ ಸತುವಿನ ಪುಡಿ ಹಾಕಿದರೆ ಸತು ಕರಗುತ್ತದೆ, ಚಿನ್ನ ತಳದಲ್ಲಿ ಕೂರುತ್ತದೆ.

ಈಗ ಒಂದು ಸಣ್ಣ ಬದಲಾವಣೆ. ಸತುವಿನ ಪುಡಿಯ ಬದಲು ಸತುವಿನ ಲವಣ ಹಾಕೋಣ. (ಮನೆಯಲ್ಲಿ ಮಾಡುವ ಪ್ರಯೋಗ ಅಲ್ಲ ಬಿಡಿ.) ಲವಣದಲ್ಲಿರುವ ಸತು ಆಗಲೇ ತನ್ನ ಎಲೆಕ್ಟ್ರಾನ್ ಕಳೆದುಕೊಂಡಿರುತ್ತದೆ. ಚಿನ್ನಕ್ಕೆ ಕೊಡಲು ಅದರ ಹತ್ತಿರ ಏನೂ ಉಳಿದಿರುವುದಿಲ್ಲ. ಹಾಗಾಗಿ ಚಿನ್ನ ಕೆಳಗೆ ಬೀಳುವುದಿಲ್ಲ. ಬದಲಿಗೆ ಸತುವಿನ ಪರಮಾಣುಗಳು ಗಂಟುಗಳಾಗಿ, ಚಿನ್ನದ ಕಡ್ಡಿಗಳು ಗಂಟಿನಿಂದ ಗಂಟಿಗೆ ಚಾಚಿ, ಒಂದು ಹರಳು ಕಟ್ಟಿಕೊಳ್ಳುತ್ತದೆ. ಹೆಸರು ಸತುವಿನ ಡೈಸಯನೋಆರೇಟ್. ಆಕ್ಸ್‌ಫರ್ಡ್‌ನ ಆಂಡ್ರ್ಯೂ ಗುಡ್‌ವಿನ್ ತಂಡದವರು ಇದನ್ನು ಎಲ್ಲ ಕಡೆಯಿಂದ ಸಮನಾಗಿ ಹಿಂಡಿ ನೋಡಿ, 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಿಂಡಿದ ಹರಳು ಒಂದು ದಿಕ್ಕಿನಲ್ಲಿ ಉದ್ದವಾಗಿತ್ತು.

‘ಎಲ್ಲ ಕಡೆಯಿಂದ’ ಅನ್ನುವುದನ್ನು ಗಮನಿಸಬೇಕು. ಮೇಲಿನಿಂದ ಮಾತ್ರ ಒತ್ತಿದರೆ ವಸ್ತು ಪಕ್ಕಕ್ಕೆ ಉಬ್ಬುವುದು ಮಾಮೂಲಿ. ಇಲ್ಲಿ ಹಾಗಲ್ಲ. ಉದ್ದವಾಗುವ ಆ ದಿಕ್ಕಿನಲ್ಲೂ ಅಷ್ಟೇ ಜೋರಾಗಿ ಒತ್ತಡ ಬೀಳುತ್ತಿದೆ. ಆದರೂ ಅದು ಒತ್ತುವವರ ಎದುರಿಗೇ ಬೆಳೆಯುತ್ತದೆ.

ಇದು ಹೇಗೆ ಸಾಧ್ಯ ಅಂತ ತಿಳಿಯಲು ಲ್ಯಾಬಿಗೆ ಹೋಗಬೇಕಿಲ್ಲ. ಮುಳಬಾಗಿಲು ಹೈವೇಯಲ್ಲಿ ಪಂಕ್ಚರ್ ಅಂಗಡಿ ಮುಂದೆ ಕಾರಿನ ಜಾಕಿ ನೋಡಿದ್ದೀರಲ್ಲ, ನಾಲ್ಕು ಕಬ್ಬಿಣದ ಪಟ್ಟಿ ಸೇರಿ ವಜ್ರಾಕಾರ ಆಗಿರುತ್ತಲ್ಲ, ಅದು. ಸ್ಕ್ರೂ ತಿರುಗಿಸಿದರೆ ಎಡಬಲದ ಮೂಲೆಗಳು ಹತ್ತಿರ ಬರುತ್ತವೆ, ಮೇಲಿನ ಮೂಲೆ ಕಾರನ್ನು ಎತ್ತುತ್ತದೆ. ಪಟ್ಟಿಗಳ ಉದ್ದ ಒಂದು ಕೂದಲಷ್ಟೂ ಬದಲಾಗುವುದಿಲ್ಲ. ಮೂಲೆಯ ಕೋನ ಮಾತ್ರ ಬದಲಾಗುತ್ತದೆ. ಜಾಕಿಯ ತಲೆಯ ಮೇಲೆ ಇಡೀ ಕಾರಿನ ಭಾರ ಇದ್ದರೂ ಅದು ಮೇಲೇಳುತ್ತದೆ, ಯಾಕೆಂದರೆ ಅಡ್ಡದ ಬಲ ಗೆಲ್ಲುತ್ತಿದೆ. ಹರಳಿನಲ್ಲೂ ಇದೇ ಲೆಕ್ಕ. ಚಿನ್ನ-ಸೈನೈಡ್ ಕಡ್ಡಿ ಗಟ್ಟಿ, ಸತುವಿನ ಗಂಟಿನ ಹತ್ತಿರದ ಕೋನ ಸಡಿಲ. ಎಲ್ಲ ಕಡೆಯಿಂದ ಹಿಂಡಿದಾಗ ಅಗಲ ಕುಗ್ಗುವುದು ಸುಲಭ, ಕಡ್ಡಿ ಗಿಡ್ಡವಾಗುವುದು ಕಷ್ಟ. ಅಗಲ ಕುಗ್ಗಿತು ಅಂದರೆ ಎತ್ತರ ಬೆಳೆಯಲೇಬೇಕು.

ಹಾಗಂತ ಹರಳು ಒಟ್ಟಾರೆ ದೊಡ್ಡದಾಗುವುದಿಲ್ಲ. ಉದ್ದದಲ್ಲಿ ಗಳಿಸಿದ್ದಕ್ಕಿಂತ ಜಾಸ್ತಿಯನ್ನು ಅಗಲದಲ್ಲಿ ಕಳೆದುಕೊಂಡಿರುತ್ತದೆ. ಹೊರಗಿನಿಂದ ಏನೂ ಒಳಗೆ ಹೋಗದೆ, ಸುಮ್ನೆ ಹಿಂಡಿದ್ದಕ್ಕೇ ಗಾತ್ರ ಹೆಚ್ಚಾಗುವ ಸ್ಥಿರ ವಸ್ತು ಇರಲು ಸಾಧ್ಯವಿಲ್ಲ. ಇದ್ದಿದ್ದರೆ ಹಿಂಡುವವನಿಗೇ ಅದು ಶಕ್ತಿ ಕೊಡುತ್ತಿತ್ತು. ‘ಒಳಗೆ ಏನೂ ಹೋಗದೆ’ ಅನ್ನುವ ಈ ಷರತ್ತನ್ನು ನೆನಪಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎಷ್ಟು ಉದ್ದ? 10,000 ಬಾರ್ ಒತ್ತಡಕ್ಕೆ ಸುಮಾರು 4%. ಕಡಿಮೆ ಅನ್ನಿಸಬಹುದು. ಅಷ್ಟೇ ಒತ್ತಡಕ್ಕೆ ಉಕ್ಕು ಪ್ರತಿ ದಿಕ್ಕಿನಲ್ಲೂ ಸುಮಾರು 0.2% ಮಾತ್ರ ಕುಗ್ಗುತ್ತದೆ. ಅದಕ್ಕೆ ಹೋಲಿಸಿದರೆ ಇದು ಭಾರೀ ಚಲನೆ, ಅದೂ ಉಲ್ಟಾ ದಿಕ್ಕಿನಲ್ಲಿ. ಇಂಥ ಗುಣ ಇರುವ ಹರಳು ಇದಕ್ಕೂ ಮೊದಲು ಸಿಕ್ಕಿತ್ತು. 2008ರಲ್ಲಿ ಬೆಳ್ಳಿ, ಕೋಬಾಲ್ಟ್, ಸೈನೈಡ್ ಸೇರಿದ ಹರಳಿನಲ್ಲಿ ಗುಡ್‌ವಿನ್ ಮತ್ತು ಜೊತೆಗಾರರು ಇನ್ನೂ ಜೋರಾದ ಉಲ್ಟಾ ನಡವಳಿಕೆ ಕಂಡಿದ್ದರು. ಆದರೆ ಅದು ಸ್ವಲ್ಪ ಒತ್ತಡಕ್ಕೇ ಬೇರೆ ರೂಪಕ್ಕೆ ಹೊರಳಿಬಿಡುತ್ತದೆ. ಚಿನ್ನದ ಹರಳು 18,000 ಬಾರ್‌ವರೆಗೂ ತಾಳುತ್ತದೆ. ಅದರಲ್ಲಿ ಚಿನ್ನದ ಪರಮಾಣುಗಳು ಸುರುಳಿಯಾಕಾರದ ಸಾಲುಗಳಲ್ಲಿ ಕೂತು ಒಂದನ್ನೊಂದು ಹಗುರವಾಗಿ ಸೆಳೆಯುತ್ತವೆ. ಆ ಸುರುಳಿಗಳೇ ಸ್ಪ್ರಿಂಗ್ ಆಗಿ ಇಡೀ ರಚನೆ ಒಮ್ಮೆಗೇ ಕುಸಿಯದಂತೆ ತಡೆಯುತ್ತವೆ. ಚಿನ್ನವನ್ನು ಇಂಥ ಕೆಲಸಕ್ಕೂ ಹಚ್ಚಬಹುದು ಅಂತ ನಮ್ಮ ಗಣಿಯವರಿಗೆ ಯಾರು ಹೇಳಬೇಕಿತ್ತು!

ಬೋರ್‌ವೆಲ್‌ನಿಂದ ವಜ್ರದವರೆಗೆ

ಬಾರ್ ಅಂದರೆ ಎಷ್ಟು ಅನ್ನುವುದು ಗೊತ್ತಿಲ್ಲದಿದ್ದರೆ ಮುಂದಿನ ಕತೆ ಸಪ್ಪೆ. ನಮ್ಮ ಸುತ್ತ ಇರುವ ಗಾಳಿಯ ಒತ್ತಡ ಹೆಚ್ಚುಕಡಿಮೆ 1 ಬಾರ್. ಕಾರಿನ ಟೈರಿನಲ್ಲಿ ಅದರ ಮೇಲೆ ಇನ್ನೊಂದು 2 ಬಾರ್ ಚಿಲ್ಲರೆ. ಸುಮಾರು 34 ಅಡಿ ನೀರು ನಿಂತರೆ ಅದರ ತಳದಲ್ಲಿ 1 ಬಾರ್ ಹೆಚ್ಚಾಗುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ 1,500 ಅಡಿ ಬೋರ್ ಕೊರೆಸಿದವರು ಬೇಕಾದಷ್ಟು ಜನ ಇದ್ದಾರೆ. ಅಷ್ಟು ಆಳದಿಂದ ನೀರು ಎತ್ತಬೇಕಾದರೆ ಕೆಳಗಿನ ಪಂಪು ಸುಮಾರು 45 ಬಾರ್ ಒತ್ತಡದಲ್ಲಿ ನೂಕಬೇಕು. ಪೈಪು ಸಿಡಿಯುವುದು, ಮೋಟರ್ ಸುಡುವುದು ಸುಮ್ನೆ ಅಲ್ಲ. ಸಿ.ಎನ್.ಜಿ. ಆಟೋದ ಸಿಲಿಂಡರ್‌ನಲ್ಲಿ ಸುಮಾರು 200 ಬಾರ್.

ಕೆ.ಜಿ.ಎಫ್. ಗಣಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಅಷ್ಟು ಬಂಡೆಯ ಭಾರವನ್ನು ಲೆಕ್ಕ ಹಾಕಿದರೆ ತಳದಲ್ಲಿ ಸುಮಾರು 850 ಬಾರ್. ಅಲ್ಲಿ ಬಂಡೆ ಗುಂಡು ಹಾರಿದಂತೆ ಸಿಡಿಯುತ್ತಿತ್ತು, ರಾಕ್ ಬರ್ಸ್ಟ್ ಅನ್ನುತ್ತಾರೆ. ಬಂಡೆಯ ಮೇಲಿನ ಒತ್ತಡವನ್ನು ಅಧ್ಯಯನ ಮಾಡುವ ರಾಷ್ಟ್ರೀಯ ಸಂಸ್ಥೆಯೊಂದು 1988ರಲ್ಲಿ ಕೆ.ಜಿ.ಎಫ್.ನಲ್ಲೇ ಶುರುವಾಗಿದ್ದು ಯಾಕೆ ಅಂತ ಬೇರೆ ಹೇಳಬೇಕಿಲ್ಲ. 2001ರಲ್ಲಿ ಗಣಿ ಮುಚ್ಚಿತು.

ಅದಕ್ಕಿಂತ ಮೇಲೆ ಹೋಗಬೇಕಾದರೆ ಭೂಮಿ ಅಗೆಯುವುದು ಬಿಟ್ಟು ವಜ್ರ ಹಿಡಿಯಬೇಕು. ಎರಡು ವಜ್ರಗಳ ಮೊನೆಯನ್ನು ಅರ್ಧ ಮಿಲಿಮೀಟರಿನ ಆಸುಪಾಸಿನ ಅಗಲಕ್ಕೆ ಚಪ್ಪಟೆ ಮಾಡಿ ಎದುರುಬದುರು ಇಡುತ್ತಾರೆ. ನಡುವೆ ತೆಳ್ಳಗಿನ ಲೋಹದ ಹಾಳೆ, ಹಾಳೆಯಲ್ಲೊಂದು ಸಣ್ಣ ತೂತು. ಆ ತೂತಿನೊಳಗೆ ಮೂರು ವಸ್ತು: ಕೂದಲೆಳೆಯ ದಪ್ಪದ ಒಂದು ಹರಳು, ಮಾಣಿಕ್ಯದ ಒಂದು ಚೂರು, ಒಂದು ಹನಿ ದ್ರವ. ಕೈಯಲ್ಲೇ ಸ್ಕ್ರೂ ಬಿಗಿದರೆ ಸಾಕು, ತೂತಿನೊಳಗೆ ಸಾವಿರಾರು ಬಾರ್ ಏಳುತ್ತದೆ. ಮಾಣಿಕ್ಯ ಯಾಕೆ ಅಂದರೆ ಅದೇ ಮೀಟರ್. ಲೇಸರ್ ಬಿಟ್ಟರೆ ಅದು ಕೆಂಪಗೆ ಹೊಳೆಯುತ್ತದೆ, ಒತ್ತಡ ಏರಿದಂತೆ ಆ ಕೆಂಪಿನ ತರಂಗಾಂತರ ಸ್ವಲ್ಪ ಸ್ವಲ್ಪವೇ ಸರಿಯುತ್ತದೆ. ವಜ್ರದ ಮೂಲಕ ಎಕ್ಸ್-ರೇ ಹಾಯಿಸಿ ಹರಳಿನ ಪರಮಾಣುಗಳು ಎಲ್ಲೆಲ್ಲಿ ಸರಿದವು ಅಂತ ನೋಡುತ್ತಾರೆ.

ಮೂರನೆಯದು, ಆ ಒಂದು ಹನಿ ದ್ರವ. ಅದರ ಕೆಲಸ ಒತ್ತಡವನ್ನು ಎಲ್ಲ ಕಡೆ ಸಮನಾಗಿ ಹಂಚುವುದು ಅಷ್ಟೇ ಅಂತ ಅನ್ನಿಸುತ್ತದೆ. ಉಕ್ಕಿನ ತುಂಡಿಟ್ಟರೆ ಅಷ್ಟೇ ನಿಜ. ರಂಧ್ರಗಳಿರುವ ಹರಳಿಟ್ಟರೆ ಆ ಹನಿಯೇ ಕತೆಯ ದಿಕ್ಕು ಬದಲಿಸುತ್ತದೆ.

ಒಳಗೆಲ್ಲ ಖಾಲಿ

ರಂಧ್ರ ಹರಳುಗಳು ಅಂದರೆ ತೂತು ಬಿದ್ದ ಕಲ್ಲಲ್ಲ. ಇವುಗಳಲ್ಲಿ ಪರಮಾಣುಗಳೇ ಚೌಕಟ್ಟು ಕಟ್ಟಿಕೊಂಡು, ನಡುವೆ ಒಂದೇ ಅಳತೆಯ ಕೋಣೆಗಳನ್ನು ಸಾಲಾಗಿ ಬಿಟ್ಟಿರುತ್ತವೆ. ಒಂದೊಂದು ಕೋಣೆ ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗದ ಆಸುಪಾಸು. ಒಂದೆರಡು ಅನಿಲದ ಅಣು ಕೂರುವಷ್ಟು ಜಾಗದಿಂದ ಹಿಡಿದು ನೂರಾರು ಕೂರುವಷ್ಟರವರೆಗೂ ಇರುತ್ತದೆ.

ಹಳೆಯ ಬಗೆ ಜಿಯೋಲೈಟ್. ಇದು ನೈಸರ್ಗಿಕವಾಗಿಯೂ ಸಿಗುತ್ತದೆ. ನಮ್ಮ ಕೋಲಾರದ ಬಂಡೆಯಲ್ಲಿ ಹುಡುಕುವುದು ದಂಡ, ಮಹಾರಾಷ್ಟ್ರದ ಕಡೆ ಡೆಕ್ಕನ್ ಕಪ್ಪು ಕಲ್ಲಿನ ಪೊಟರೆಗಳಲ್ಲಿ ಚೆಂದ ಚೆಂದದ ಜಿಯೋಲೈಟ್ ಹರಳುಗಳಿವೆ. 2021ರಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲಿ ಕೂರಿಸಿದ ಆಕ್ಸಿಜನ್ ಪ್ಲಾಂಟುಗಳ ಹೊಟ್ಟೆಯಲ್ಲಿ ಇರುವುದೂ ಜಿಯೋಲೈಟೇ. ಒತ್ತಡ ಏರಿಸಿದಾಗ ಗಾಳಿಯ ಸಾರಜನಕವನ್ನು ಹಿಡಿದುಕೊಳ್ಳುತ್ತದೆ, ಇಳಿಸಿದಾಗ ಬಿಡುತ್ತದೆ. ಉಳಿದ ಆಮ್ಲಜನಕ ಪೈಪಿನಲ್ಲಿ ವಾರ್ಡಿಗೆ ಹೋಗುತ್ತದೆ.

ಹೊಸ ಬಗೆ ಮೋಫ್, ಅಂದರೆ ಲೋಹದ ಗಂಟುಗಳನ್ನು ಇಂಗಾಲದ ಕಡ್ಡಿಗಳಿಂದ ಜೋಡಿಸಿದ ಚೌಕಟ್ಟು. 2025ರ ಕೆಮಿಸ್ಟ್ರಿ ನೊಬೆಲ್ ಇದಕ್ಕೇ ಬಂತು, ಸುಸುಮು ಕಿಟಗಾವಾ, ರಿಚರ್ಡ್ ರಾಬ್ಸನ್, ಒಮರ್ ಯಾಗಿ ಮೂವರಿಗೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಇಂಥ ಹರಳುಗಳ ಮೇಲೆ ಕೆಲಸ ನಡೆಯುತ್ತದೆ, ಸಿ.ಎನ್.ಆರ್. ರಾವ್ ಅವರೂ ಈ ಹೊಲದಲ್ಲಿ ಉತ್ತವರೇ. ಈಗ ಒಂದು ಲೆಕ್ಕ. ಡಿಯುಟಿ-49 ಅನ್ನುವ ಮೋಫ್‌ನ ಒಂದು ಗ್ರಾಂ ಪುಡಿಯಲ್ಲಿ ಒಳಗಿನ ಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ 5,000 ಚದರ ಮೀಟರಿಗೂ ಜಾಸ್ತಿ. ನಮ್ಮ ಲೆಕ್ಕದಲ್ಲಿ ಒಂದು ಎಕರೆ ಮೇಲೆ ಹತ್ತು ಗುಂಟೆ! ಒಂದು ಚಿಟಿಕೆ ಪುಡಿಯಲ್ಲಿ.

ಇಷ್ಟು ಖಾಲಿ ಇರುವ ವಸ್ತುವನ್ನು ಒತ್ತಿದರೆ ಏನಾಗಬೇಕು? ಪುಡಿಪುಡಿ ಆಗಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ. ಎಷ್ಟೋ ಹರಳುಗಳು ಹಾಗೇ ಆಗುತ್ತವೆ, ಅದರಲ್ಲಿ ಕತೆ ಏನಿಲ್ಲ. ಕೆಲವು ಮಾತ್ರ ಕುಸಿಯುವ ಬದಲು ಮಡಚಿಕೊಳ್ಳುತ್ತವೆ. ಫ್ರಾನ್ಸಿನ ಜೆರಾರ್ ಫೆರೆ ತಂಡ ಮಾಡಿದ ಮಿಲ್-53 ಅನ್ನುವ ಮೋಫ್ ಇದಕ್ಕೆ ಒಳ್ಳೆ ಉದಾಹರಣೆ. ಮೇಲಿನಿಂದ ನೋಡಿದರೆ ಅದರ ಕೊಳವೆಗಳು ಆಗಲೇ ಹೇಳಿದ ಜಾಕಿಯ ಆಕಾರದವೇ. ಕ್ರೋಮಿಯಂ ಇರುವ ಮಿಲ್-53 ಅನ್ನು ಪಾದರಸದಲ್ಲಿ ಮುಳುಗಿಸಿ ಒತ್ತಿದರೆ ಸುಮಾರು 550 ಬಾರ್ ಹೊತ್ತಿಗೆ ಕೊಳವೆಗಳು ಚಪ್ಪಟೆಯಾಗುತ್ತವೆ. ಕೆ.ಜಿ.ಎಫ್.ನಲ್ಲಿ ಸುಮಾರು 2 ಕಿಲೋಮೀಟರ್ ಕೆಳಗಿನ ಬಂಡೆಯ ಭಾರ ಅದು. ಪಾದರಸ ಆ ಸಣ್ಣ ಕೊಳವೆಯೊಳಗೆ ನುಗ್ಗಲಾರದು, ಹೊರಗಿನಿಂದ ಮಾತ್ರ ಒತ್ತುತ್ತದೆ.

ಅದೇ ಮಿಲ್-53ಕ್ಕೆ ಪಾದರಸದ ಬದಲು ಕಾರ್ಬನ್ ಡೈಆಕ್ಸೈಡ್ ಕೊಟ್ಟು ನೋಡಿ. ಒಂದೆರಡು ಬಾರ್‌ನಲ್ಲೇ ಕೊಳವೆ ಮುಚ್ಚಿಕೊಳ್ಳುತ್ತದೆ. ಒಳಗೆ ಹೋದ ಅಣುಗಳು ಎರಡೂ ಕಡೆಯ ಗೋಡೆಯನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತವೆ. ಇನ್ನಷ್ಟು ಅನಿಲ ಬಿಟ್ಟು ಐದಾರು ಬಾರ್ ದಾಟಿದರೆ ಮತ್ತೆ ತೆರೆದುಕೊಳ್ಳುತ್ತದೆ, ಯಾಕೆಂದರೆ ಈಗ ಜಾಸ್ತಿ ಅಣುಗಳಿಗೆ ಜಾಗ ಬೇಕು. ಒಂದು ದ್ರವಕ್ಕೆ 550 ಬಾರ್ ಬೇಕಾದ ಕೆಲಸವನ್ನು ಒಂದು ಅನಿಲ ಒಂದೆರಡು ಬಾರ್‌ನಲ್ಲಿ ಮುಗಿಸಿತು. ನನ್ನ ಪ್ರಕಾರ ಈ ಇಡೀ ವಿಷಯದ ಕೀಲಿ ಇಲ್ಲೇ ಇದೆ. ರಂಧ್ರ ಹರಳಿನ ಮಟ್ಟಿಗೆ ‘ಎಷ್ಟು ಒತ್ತಡ’ ಅಂತ ಮಾತ್ರ ಕೇಳಿದರೆ ಉತ್ತರ ಸಿಗುವುದಿಲ್ಲ. ‘ಯಾರು ಒತ್ತುತ್ತಿದ್ದಾರೆ, ಅವರು ಒಳಗೆ ಬರುತ್ತಾರಾ ಇಲ್ಲವಾ’ ಅಂತಲೂ ಕೇಳಬೇಕು.

ಜಿಫ್-8 ಅನ್ನುವ ಇನ್ನೊಂದು ಮೋಫ್ ಇದನ್ನು ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ. ಇದು ಸತು ಮತ್ತು ಮೀಥೈಲ್‌ಇಮಿಡಜೋಲ್ ಅನ್ನುವ ಉಂಗುರದ ಅಣುವಿನಿಂದ ಮಾಡಿದ್ದು. ಒಳಗೆ ದೊಡ್ಡ ಕೋಣೆ, ಕೋಣೆಗೆ ಇಕ್ಕಟ್ಟಾದ ಕಿಟಕಿ. 2009ರಲ್ಲಿ ಇದರ ಮೇಲೆ ಎರಡು ಬೇರೆ ಬೇರೆ ತಂಡಗಳ ಪ್ರಯೋಗ ಬಂತು. ಒಂದರಲ್ಲಿ, ಕಿಟಕಿಯೊಳಗೆ ನುಗ್ಗಲಾರದ ದ್ರವ ಹಾಕಿ ಒತ್ತಿದರು. 3,400 ಬಾರ್‌ಗೆ ಚೌಕಟ್ಟಿನ ಒಪ್ಪವಾದ ಜೋಡಣೆ ಕೆಟ್ಟು, ಗಾಜಿನ ಹಾಗೆ ಅಡ್ಡಾದಿಡ್ಡಿ ಆಯಿತು. ಇನ್ನೊಂದರಲ್ಲಿ ಮೆಥನಾಲ್, ಎಥನಾಲ್ ಬೆರಕೆ ಹಾಕಿದರು. ಈ ಸಣ್ಣ ಅಣುಗಳು ಒಳಗೆ ನುಗ್ಗಿದವು. 1,800 ಬಾರ್‌ನಲ್ಲಿ ಹರಳು ಕುಗ್ಗುವ ಬದಲು ಸ್ವಲ್ಪ ಉಬ್ಬಿತ್ತು! 14,700 ಬಾರ್‌ಗೆ ಕಿಟಕಿಯ ಸುತ್ತ ಇರುವ ಉಂಗುರಗಳು ಒಟ್ಟಿಗೇ ತಿರುಗಿ, ಕಿಟಕಿ ಅಗಲವಾಗಿ, ಇನ್ನಷ್ಟು ದ್ರವ ಒಳಗೆ ಹೋಯಿತು. ಹರಳು ಮುರಿಯಲಿಲ್ಲ. ವಸ್ತು ಅದೇ, ತೂತಿನೊಳಗೆ ಹಾಕಿದ ಹನಿ ಮಾತ್ರ ಬೇರೆ.

ಹರಳು ಉಬ್ಬಿದ್ದು ಮೊದಲು ಹೇಳಿದ ನಿಯಮಕ್ಕೆ ವಿರುದ್ಧ ಅಲ್ವಾ? ಅಲ್ಲ. ‘ಒಳಗೆ ಏನೂ ಹೋಗದೆ’ ಅನ್ನುವ ಷರತ್ತು ಇತ್ತಲ್ಲ, ಇಲ್ಲಿ ದ್ರವ ಒಳಗೆ ಹೋಗಿದೆ. ಹರಳು ಮತ್ತು ದ್ರವ ಎರಡನ್ನೂ ಸೇರಿಸಿ ಅಳೆದರೆ ಒಟ್ಟು ಗಾತ್ರ ಕಡಿಮೆಯೇ ಆಗಿರುತ್ತದೆ.

ಜಿಯೋಲೈಟ್ ಜಾತಿಯ ನ್ಯಾಟ್ರೊಲೈಟ್ ಕೂಡ ಇದೇ ಆಟ ಆಡುತ್ತದೆ. ಯೋಂಗ್‌ಜೇ ಲೀ, ಥಾಮಸ್ ಫೋಗ್ಟ್ ಮತ್ತು ಜೊತೆಗಾರರು 2000ದ ದಶಕದ ಶುರುವಿನಲ್ಲಿ ಅದನ್ನು ನೀರು ಬೆರೆತ ದ್ರವದಲ್ಲಿಟ್ಟು ಹಿಂಡಿದರು. 8,000 ಬಾರ್ ದಾಟಿದ ಮೇಲೆ ಹೊರಗಿನ ನೀರು ಕೊಳವೆಯೊಳಗೆ ನುಗ್ಗತೊಡಗಿ, ಹರಳು ಹಿಗ್ಗಿತು. ಕೊನೆಗೆ ಅದರಲ್ಲಿದ್ದ ನೀರು ಮೊದಲಿನ ಎರಡರಷ್ಟಾಯಿತು. ಒತ್ತಡ ಇಳಿಸಿದರೆ ಆ ಹೆಚ್ಚುವರಿ ನೀರು ಹೊರಗೆ ಬರುತ್ತದೆ.

ಜಿಫ್-8ಕ್ಕೆ ನೀರನ್ನೇ ಕೊಟ್ಟರೆ? ಅದರ ಒಳಗೋಡೆಗೆ ನೀರು ಆಗುವುದಿಲ್ಲ. ಪುಡಿಯನ್ನು ನೀರಲ್ಲಿ ಮುಳುಗಿಸಿದರೂ ಒಳಗೆ ಒಣಗಿಯೇ ಇರುತ್ತದೆ. ನೀರನ್ನು ಬಲವಂತವಾಗಿ ನೂಕಲು 200 ಬಾರ್‌ಗೂ ಹೆಚ್ಚು ಬೇಕು. ನಮ್ಮ 1,500 ಅಡಿ ಬೋರ್‌ವೆಲ್‌ನ 45 ಬಾರ್ ಇಲ್ಲಿ ಏನೇನೂ ಸಾಲದು. ಒತ್ತಡ ತೆಗೆದರೆ ನೀರು ತಾನಾಗಿಯೇ ಹೊರಗೆ ಬರುತ್ತದೆ, ಆದರೆ ಹೋದಾಗಿನಷ್ಟು ಜೋರಿನಿಂದ ಅಲ್ಲ. ನಡುವಿನ ವ್ಯತ್ಯಾಸದಷ್ಟು ಶಕ್ತಿ ಹರಳಿನಲ್ಲೇ ಕರಗಿಹೋಗುತ್ತದೆ. ಹೊಡೆತ ತಡೆಯುವ ಶಾಕ್ ಅಬ್ಸಾರ್ಬರ್‌ಗೆ ಬೇಕಾಗಿರುವುದು ಇದೇ ಗುಣ. ಮತ್ತೆ ಮತ್ತೆ ಬಳಸಬಹುದು ಅನ್ನುವುದು ಇದರ ಹೆಚ್ಚುಗಾರಿಕೆ, ಒಮ್ಮೆ ಜಜ್ಜಿಹೋದ ಫೋಮ್ ಹಾಗೆ ಬಿಸಾಕಬೇಕಿಲ್ಲ. ಆಕ್ಸ್‌ಫರ್ಡ್‌ನಲ್ಲಿ ಇದರ ಮೇಲೆ ಗಂಭೀರವಾಗಿ ಕೆಲಸ ನಡೆದಿದೆ.

ತುಂಬಿಸಿದರೆ ಉಗುಳುವ ಹರಳು

ಇನ್ನು ಡಿಯುಟಿ-49. ಇಷ್ಟು ಹೊತ್ತು ಹೇಳಿದ್ದೆಲ್ಲ ಇದರ ಮುಂದೆ ಸಾಧು ಪ್ರಾಣಿಗಳು.

ಹರಳಿನ ಪುಡಿ ಎಷ್ಟು ಅನಿಲ ಹೀರುತ್ತದೆ ಅಂತ ಅಳೆಯುವ ಕ್ರಮ ಸರಳ. ಗಾಳಿ ಎಲ್ಲ ತೆಗೆದ, ಮುಚ್ಚಿದ ಪಾತ್ರೆಯಲ್ಲಿ ಪುಡಿ ಇಡುತ್ತಾರೆ. ಒಂದು ಪಾಲು ಅನಿಲ ಬಿಡುತ್ತಾರೆ. ಒತ್ತಡ ಏರುತ್ತದೆ, ಆಮೇಲೆ ಹರಳು ಹೀರಿಕೊಂಡಂತೆ ನಿಧಾನವಾಗಿ ಇಳಿದು ಒಂದು ಕಡೆ ನಿಲ್ಲುತ್ತದೆ. ಎಷ್ಟು ಇಳಿಯಿತು ಅನ್ನುವುದರಿಂದ ಎಷ್ಟು ಹೀರಿತು ಅಂತ ಗೊತ್ತಾಗುತ್ತದೆ. ಮತ್ತೆ ಒಂದು ಪಾಲು, ಮತ್ತೆ ಅದೇ ಲೆಕ್ಕ. ಒತ್ತಡ ಹೆಚ್ಚಾದಂತೆ ಹೀರಿದ್ದೂ ಹೆಚ್ಚಾಗಬೇಕು. ಯಾವ ಪುಸ್ತಕ ತೆಗೆದರೂ ಈ ಗೆರೆ ಮೇಲಕ್ಕೇ ಹೋಗುತ್ತದೆ.

ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಸ್ಟೆಫಾನ್ ಕಾಸ್ಕೆಲ್ ಅವರ ಲ್ಯಾಬಿನಲ್ಲಿ ಸೈಮನ್ ಕ್ರೌಜ಼ೆ ಮತ್ತು ಜೊತೆಗಾರರು ಡಿಯುಟಿ-49ಕ್ಕೆ ಮೀಥೇನ್ ಬಿಡುತ್ತಾ ಹೋದರು. ಉಷ್ಣತೆ ಸೊನ್ನೆಗಿಂತ 162 ಡಿಗ್ರಿ ಸೆಲ್ಸಿಯಸ್ ಕೆಳಗೆ. ಒಂದು ಹಂತದವರೆಗೆ ಎಲ್ಲ ಮಾಮೂಲಿ. ಆಮೇಲೆ ಇನ್ನೊಂದು ಸಣ್ಣ ಪಾಲು ಬಿಟ್ಟಾಗ ಒತ್ತಡ ಇಳಿಯುವ ಬದಲು ತಾನೇ ಏರಿತು. ಮೀಟರ್ ಕೆಟ್ಟಿದೆ ಅಂತಲೇ ಅನ್ನಿಸಬೇಕು. ಮೀಟರ್ ಸರಿಯಾಗಿತ್ತು. ಹರಳು ಹೊಸದಾಗಿ ಕೊಟ್ಟಿದ್ದನ್ನು ಹೀರುವುದಿರಲಿ, ಆಗಲೇ ಹೀರಿಟ್ಟುಕೊಂಡಿದ್ದರಲ್ಲೂ ಒಂದು ಪಾಲು ಹೊರಗೆ ಉಗುಳಿತ್ತು. 2016ರಲ್ಲಿ ನೇಚರ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಮೀಥೇನ್‌ಗೆ ಕಡು ಚಳಿ ಬೇಕು, ಆದರೆ ನಮ್ಮ ಅಡುಗೆ ಸಿಲಿಂಡರ್‌ನಲ್ಲಿ ಇರುವ ಬ್ಯೂಟೇನ್ ಜೊತೆ ಮಾಮೂಲಿ ಕೋಣೆಯ ಉಷ್ಣತೆಯಲ್ಲೇ ಇದು ನಡೆಯುತ್ತದೆ.

ಒಳಗೆ ಏನಾಯಿತು? ಈ ಹರಳಿನಲ್ಲಿ ಪುನರಾವರ್ತನೆಯಾಗುವ ಒಂದು ಘನದ ಬದಿ ಮೊದಲು 46 ಆಂಗ್‌ಸ್ಟ್ರಾಮ್ ಚಿಲ್ಲರೆ ಇತ್ತು, ಆಮೇಲೆ 36 ಚಿಲ್ಲರೆ ಆಯಿತು (ಒಂದು ಆಂಗ್‌ಸ್ಟ್ರಾಮ್ ಅಂದರೆ ಒಂದು ಮಿಲಿಮೀಟರಿನ ಕೋಟಿಯ ಒಂದು ಭಾಗ). ಬದಿಯಲ್ಲಿ ಹತ್ತು ಕಡಿಮೆ ಅಂದರೆ ಗಾತ್ರ ಅರ್ಧಕ್ಕಿಂತ ಕೆಳಗೆ ಬಂತು. ತಾಮ್ರದ ಗಂಟುಗಳ ನಡುವೆ ಇದ್ದ ಉದ್ದನೆಯ ಇಂಗಾಲದ ಕಡ್ಡಿಗಳು ಒಂದೇ ಸಲ ಬಾಗಿದವು. ತೆಳ್ಳಗಿನ ಉದ್ದ ಕಂಬದ ಮೇಲೆ ಭಾರ ಹೇರುತ್ತಾ ಹೋದರೆ ಅದು ಒಂದು ಮಿತಿವರೆಗೆ ನೆಟ್ಟಗೆ ನಿಂತು, ಮಿತಿ ದಾಟಿದ ಕೂಡಲೇ ಬಾಗಿಬಿಡುತ್ತದೆ. ಗಣಿತಜ್ಞ ಆಯ್ಲರ್ 18ನೇ ಶತಮಾನದಲ್ಲೇ ಇದರ ಲೆಕ್ಕ ಮಾಡಿಟ್ಟಿದ್ದಾನೆ, ಸಿವಿಲ್ ಎಂಜಿನಿಯರಿಂಗ್ ಹುಡುಗರು ಪರೀಕ್ಷೆಗೆ ಇವತ್ತೂ ಓದುತ್ತಾರೆ. ಅದೇ ಲೆಕ್ಕ ಒಂದೇ ಒಂದು ಅಣುವಿನ ಕಡ್ಡಿಗೂ ನಡೆಯುತ್ತದೆ ಅನ್ನುವುದು ನನಗಂತೂ ಇಲ್ಲಿ ಎಲ್ಲಕ್ಕಿಂತ ಹಿಡಿಸಿದ ಸಂಗತಿ.

ಭಾರ ಹೇರಿದವರು ಯಾರು ಅಂದರೆ ಒಳಗಿದ್ದ ಮೀಥೇನೇ. ಅನಿಲದ ಅಣುಗಳಿಗೆ ಇಕ್ಕಟ್ಟಾದ ಜಾಗವೇ ಇಷ್ಟ, ಸುತ್ತ ಗೋಡೆ ಹತ್ತಿರ ಇದ್ದಷ್ಟೂ ಗಟ್ಟಿಯಾಗಿ ಅಂಟಿಕೊಳ್ಳಬಹುದು. ಹಾಗಾಗಿ ಅವು ಗೋಡೆಯನ್ನು ಒಳಕ್ಕೆ ಸೆಳೆಯುತ್ತಲೇ ಇರುತ್ತವೆ. ಕುಗ್ಗಿದ ರೂಪವೇ ಹಿತ ಅನ್ನುವ ಹಂತ ಬೇಗ ಬಂದುಬಿಡುತ್ತದೆ. ಆದರೆ ಕಡ್ಡಿ ಬಾಗಲು ಒಂದಿಷ್ಟು ಶಕ್ತಿ ಬೇಕಲ್ಲ, ಆ ಅಡ್ಡಿಯಿಂದ ಹರಳು ತೆರೆದೇ ನಿಂತು ಇನ್ನಷ್ಟು ಅನಿಲ ತುಂಬಿಕೊಳ್ಳುತ್ತಾ ಹೋಗುತ್ತದೆ. ಹಿಡಿಸುವುದಕ್ಕಿಂತ ಜಾಸ್ತಿ ತುಂಬಿದ ಸ್ಥಿತಿ. ಕೊನೆಗೆ ಕಡ್ಡಿ ಬಾಗಿದಾಗ ಕೋಣೆ ದಿಢೀರನೆ ಚಿಕ್ಕದಾಗುತ್ತದೆ, ಹೆಚ್ಚಾದವರು ಹೊರಗೆ. ಉಳಿದವರು ಮೊದಲಿಗಿಂತ ಗಟ್ಟಿಯಾಗಿ ಅಂಟಿ ಕೂರುತ್ತಾರೆ. ಯಾವ ನಿಯಮವೂ ಮುರಿಯಲಿಲ್ಲ, ಹರಳು ತಡವಾಗಿ ನಿರ್ಧಾರ ಮಾಡಿತು ಅಷ್ಟೇ. ಒತ್ತಡ ಇನ್ನೂ ಏರಿಸಿದರೆ ಅದು ಮತ್ತೆ ತೆರೆದುಕೊಳ್ಳುತ್ತದೆ.

ಇದರಲ್ಲಿ ಇನ್ನೊಂದು ಮೋಜು ಇದೆ. ಹರಳಿನ ಕಣ ತುಂಬಾ ಸಣ್ಣದಾದರೆ, ಅಂದರೆ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆಯಾದರೆ, ಈ ಉಗುಳುವಿಕೆ ಕಾಣುವುದೇ ಇಲ್ಲ. ಪರಮಾಣುಗಳ ಜೋಡಣೆ ಅದೇ ಇದ್ದರೂ ಕಣದ ಗಾತ್ರದಿಂದ ನಡವಳಿಕೆ ಬದಲಾಗುತ್ತದೆ.

ಇದರಿಂದ ಏನು ಉಪಯೋಗ ಅಂತ ಕೇಳುವವರು ಇದ್ದೇ ಇರುತ್ತಾರೆ. ಕರೆಂಟಿಲ್ಲದೆ ಒತ್ತಡ ಹೆಚ್ಚಿಸುವ ಪುಟ್ಟ ಸಾಧನ ಮಾಡಬಹುದು ಅನ್ನುವ ಯೋಚನೆ ಇದೆ. ನನಗೆ ಅದಕ್ಕಿಂತ ಹತ್ತಿರದ್ದಾಗಿ ಕಾಣುವುದು ಸಿ.ಎನ್.ಜಿ. ಸಮಸ್ಯೆ. ಸಿಲಿಂಡರಿಗೆ ಗಟ್ಟಿ ಚೌಕಟ್ಟಿನ ಮೋಫ್ ತುಂಬಿದರೆ 200 ಬಾರ್ ಬೇಕಾಗಿಲ್ಲ, 35 ಬಾರ್‌ಗೇ ಸಾಕಷ್ಟು ಮೀಥೇನ್ ಹಿಡಿಸಬಹುದು. ತೊಂದರೆ ಏನೆಂದರೆ ಎಂಜಿನ್‌ಗೆ ಕನಿಷ್ಠ ಐದಾರು ಬಾರ್ ಒತ್ತಡ ಬೇಕು. ಅದಕ್ಕಿಂತ ಕೆಳಗೆ ಇಳಿದರೂ ಹರಳಿನಲ್ಲಿ ಬೇಕಾದಷ್ಟು ಅನಿಲ ಅಂಟಿಕೊಂಡೇ ಇರುತ್ತದೆ. ಸಿಲಿಂಡರ್ ಒಳಗೆ ಗ್ಯಾಸ್ ಇದೆ, ಗಾಡಿ ಮಾತ್ರ ನಿಂತಿದೆ. 2015ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಜೆಫ್ರಿ ಲಾಂಗ್ ತಂಡ ಕೋಬಾಲ್ಟ್ ಇರುವ ಮಡಚುವ ಮೋಫ್ ಒಂದನ್ನು ಇದಕ್ಕೆ ಹಚ್ಚಿತು. ಒತ್ತಡ ಏರಿದಾಗ ಅದು ತೆರೆದು ಮೀಥೇನ್ ತುಂಬಿಕೊಳ್ಳುತ್ತದೆ. ಇಳಿಯುತ್ತಾ ಬಂದಾಗ ತಾನೇ ಮುಚ್ಚಿಕೊಂಡು ಒಳಗಿನ ಅನಿಲವನ್ನು ಹಿಂಡಿ ಹೊರಗೆ ಕಳಿಸುತ್ತದೆ. ಜೊತೆಗೆ ಇನ್ನೊಂದು ಲಾಭ: ಅನಿಲ ಅಂಟುವಾಗ ಬಿಸಿ ಹುಟ್ಟುತ್ತದೆ, ಹರಳು ತೆರೆದುಕೊಳ್ಳಲು ಶಕ್ತಿ ಬೇಕು, ಒಂದಕ್ಕೊಂದು ವಜಾ. ತುಂಬಿಸುವಾಗ ಸಿಲಿಂಡರ್ ಅಷ್ಟು ಬಿಸಿಯಾಗುವುದಿಲ್ಲ.

ಕಾರ್ಖಾನೆ ಮೆಟ್ಟಿಲು ಹತ್ತಿದಾಗ

ಲ್ಯಾಬಿನಲ್ಲಿ ಪುಡಿ ಚಿಟಿಕೆಯಷ್ಟಿದ್ದರೆ ಸಾಕು. ಕಾರ್ಖಾನೆಗೆ ಟನ್‌ಗಟ್ಟಲೆ ಬೇಕು, ಅದೂ ಪುಡಿಯಾಗಿ ಅಲ್ಲ. ಪುಡಿ ಇದ್ದರೆ ಅನಿಲದ ರಭಸಕ್ಕೆ ಹಾರಿಹೋಗುತ್ತದೆ, ಇಲ್ಲವೇ ಪೈಪು ಕಟ್ಟಿಕೊಳ್ಳುತ್ತದೆ. ಅದಕ್ಕೇ ಪ್ರೆಸ್ಸಿನಲ್ಲಿ ಒತ್ತಿ ಗುಳಿಗೆ ಮಾಡಬೇಕು, ಅಥವಾ ಅಂಟು ಬೆರೆಸಿ ಹಾಳೆಯ ಮೇಲೆ ಲೇಪಿಸಬೇಕು. ಒತ್ತುವಾಗಲೇ ಎಷ್ಟೋ ಮೋಫ್‌ಗಳ ಕೋಣೆಗಳು ಕುಸಿದು, ಆ ಎಕರೆಗಟ್ಟಲೆ ಜಾಗದಲ್ಲಿ ದೊಡ್ಡ ಪಾಲು ಕಳೆದುಹೋಗುತ್ತದೆ. ನೊಬೆಲ್ ಸುದ್ದಿ ಬಂದಾಗ ಪತ್ರಿಕೆಗಳಲ್ಲಿ ಮೋಫ್ ಎಷ್ಟು ಹೀರುತ್ತದೆ ಅಂತ ಬರೆದರು. ಎಷ್ಟು ಒತ್ತಿದರೆ ತಡೆಯುತ್ತದೆ ಅಂತ ಯಾರೂ ಕೇಳಲಿಲ್ಲ. ಬಳಸುವವರಿಗೆ ಎರಡನೆಯ ಪ್ರಶ್ನೆಯೇ ಮೊದಲು.

ಈಗ ಆ ಮೆಟ್ಟಿಲು ಹತ್ತಿರುವ ಒಂದು ಮೋಫ್ ಕಾಲ್ಫ್-20. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಶಿಮಿಜು ತಂಡ ಮಾಡಿದ್ದು. ಸತು, ಆಕ್ಸಲೇಟ್, ಟ್ರಯಜೋಲ್ ಸೇರಿದ ಹರಳು. ಹೊಗೆಯಲ್ಲಿರುವ ಕಾರ್ಬನ್ ಡೈಆಕ್ಸೈಡನ್ನು ಹಿಡಿಯುವುದು ಇದರ ಕೆಲಸ, ತೇವ ಇದ್ದರೂ ಕೈಕೊಡುವುದಿಲ್ಲ. ಸಿಮೆಂಟ್ ಕಾರ್ಖಾನೆಯ ಹೊಗೆಯಲ್ಲಿ ಇದನ್ನು ಪರೀಕ್ಷಿಸಿದ್ದಾರೆ. ತುಮಕೂರು ಜಿಲ್ಲೆಯ ಅಮ್ಮಸಂದ್ರದ ಕಡೆಯವರಿಗೆ ಸಿಮೆಂಟ್ ಹೊಗೆ ಹೊಸದೇನಲ್ಲ. ಸಿಮೆಂಟಿನಲ್ಲಿ ಇಂಧನದ ಹೊಗೆ ಒಂದು ಕಡೆಯಾದರೆ, ಸುಣ್ಣದ ಕಲ್ಲು ಸುಡುವಾಗ ಆ ಕಲ್ಲಿನಿಂದಲೇ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಸೋಲಾರ್ ಹಾಕಿದರೂ ಅದು ನಿಲ್ಲುವುದಿಲ್ಲ, ಹಿಡಿಯುವುದೇ ದಾರಿ.

ಈ ಕಾಲ್ಫ್-20 ಒತ್ತಡಕ್ಕೆ ಹೇಗೆ ನಡೆದುಕೊಳ್ಳುತ್ತದೆ ಅಂತ 2024ರಲ್ಲಿ ಫ್ರಾನ್ಸಿನ ಗಿಯೋಮ್ ಮೊರಾಂ ತಂಡ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿತು. ಪರಮಾಣುಗಳ ನಡುವಿನ ಬಲವನ್ನು ಮೆಶಿನ್ ಲರ್ನಿಂಗ್‌ನಿಂದ ಕಲಿಸಿ ಮಾಡಿದ ಲೆಕ್ಕ. ಚಿನ್ನದ ಹರಳು ಒಂದು ದಿಕ್ಕಿನಲ್ಲಿ ಬೆಳೆಯುತ್ತದೆ ಅಂದೆವಲ್ಲ, ಇದು ಹಿಂಡಿದಾಗ ಎರಡು ದಿಕ್ಕಿನಲ್ಲಿ ಹಿಗ್ಗಿ ಮೂರನೆಯದರಲ್ಲಿ ಮಾತ್ರ ಕುಗ್ಗುತ್ತದೆ ಅನ್ನುವುದು ಒಂದು ಫಲಿತಾಂಶ. ಬಿಸಿ ಮಾಡಿದರೆ ಹಿಗ್ಗುವ ಬದಲು ಕುಗ್ಗುತ್ತದೆ ಅನ್ನುವುದು ಇನ್ನೊಂದು. ಒಂದು ದಿಕ್ಕಿನಲ್ಲಿ ಎಳೆದರೆ ಎರಡು ಹಂತದಲ್ಲಿ ಹಿಗ್ಗುತ್ತಾ 27%ವರೆಗೂ ಮುರಿಯದೆ ತಾಳುತ್ತದೆ ಅನ್ನುವುದು ಮೂರನೆಯದು. ಹರಳು ಅಂದರೆ ಎಳೆದ ಕೂಡಲೇ ಚಟ್ ಅಂತ ಒಡೆಯುವ ವಸ್ತು ಅಂದುಕೊಂಡವರಿಗೆ ಇದು ವಿಚಿತ್ರ.

ಹೊಗೆ ಹಿಡಿಯುವ ಯಂತ್ರದಲ್ಲಿ ಈ ಹರಳು ದಿನಕ್ಕೆ ಲೆಕ್ಕವಿಲ್ಲದಷ್ಟು ಸಲ ತಣ್ಣಗಾಗಿ ಅನಿಲ ಹೀರಬೇಕು, ಹಬೆಗೆ ಬಿಸಿಯಾಗಿ ಬಿಡಬೇಕು. ಅದನ್ನು ಹಿಡಿದಿಟ್ಟುಕೊಂಡಿರುವ ಅಂಟು ಬಿಸಿಗೆ ಹಿಗ್ಗುತ್ತದೆ. ಹರಳು ಬಿಸಿಗೆ ಕುಗ್ಗುತ್ತದೆ. ಒಂದು ಆ ಕಡೆ, ಒಂದು ಈ ಕಡೆ ಎಳೆದಾಗ ಲೇಪ ಬಿರುಕು ಬಿಡದಂತೆ ಅಂಟು ಯಾವುದು ಆರಿಸಬೇಕು ಅಂತ ತಲೆ ಕೆಡಿಸಿಕೊಳ್ಳಬೇಕಾದವರು ಇನ್ನು ಕಾರ್ಖಾನೆಯ ಎಂಜಿನಿಯರುಗಳು.